ಐದನೇ ಟೇಬಲ್

ಕಾಗದ ಮೊದಲು ಓದಿದ್ದು ಅಪ್ಪ. ಬಾಗಿಲಲ್ಲೇ ನಿಂತು ಎರಡು ಸಲ ಓದಿ, ಬಸ್ ಡ್ರೈವರಿನ ಅಂಗಿಯ ಗುಂಡಿಯನ್ನೂ ಬಿಚ್ಚದೆ ಅಡುಗೆಮನೆಗೆ ನುಗ್ಗಿದ.

"ಏ ನೋಡೇ, ಮಗಳಿಗೆ ಕೆಲಸ ಸಿಕ್ತು! ನಿಮ್ಮ ಬ್ರೆಡ್ ಫ್ಯಾಕ್ಟರಿಯಲ್ಲೇ!"

ಅಮ್ಮ ನೆಲದ ಮೇಲೆ ಕಾಲು ಚಾಚಿ ಕುಳಿತು ಬೀನ್ಸ್ ನಾರು ತೆಗೆಯುತ್ತಿದ್ದಳು. ಮುಖ ಅರಳಿತು. "ಹೌದಾ? ಯಾವ ಸೆಕ್ಷನ್ನು?"

"ಪ್ಯಾಕಿಂಗ್. ಅದೂ ಸುಮ್ಮನೆ ಕೆಲಸ ಅಲ್ಲ ಕಣೇ, ಇನ್‌ಚಾರ್ಜು! ಶಿಫ್ಟ್ ಇನ್‌ಚಾರ್ಜು!"

"ಯಾವ ಶಿಫ್ಟು?"

ಅಪ್ಪ ಮತ್ತೆ ಕಾಗದದ ಮೇಲೆ ಕಣ್ಣಾಡಿಸಿದ. "ಬೆಳಗಿಂದು."

ಅಮ್ಮನ ಕೈ ನಿಂತಿತು. ಬೆಳಗಿನ ಪಾಳಿಯ ಪ್ಯಾಕಿಂಗಿನಲ್ಲಿ ಅವಳು ಕೆಲಸಕ್ಕೆ ನಿಂತು ಇಪ್ಪತ್ತೊಂದು ವರ್ಷ ಆಗಿತ್ತು. ಹಳೆಯ ಇನ್‌ಚಾರ್ಜ್ ನಿವೃತ್ತನಾಗಿ ಮೂರು ತಿಂಗಳು. ಅವತ್ತಿನಿಂದ ಹಾಜರಿ ತೆಗೆದುಕೊಳ್ಳುವುದು, ಲಾರಿಗೆ ಲೋಡು ಎಣಿಸಿ ಕೊಡುವುದು, ಮಷೀನು ಕೆಟ್ಟರೆ ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಓಡುವುದು, ಎಲ್ಲ ಅವಳದೇ. "ಸದ್ಯಕ್ಕೆ ನೀವೇ ನೋಡ್ಕೊಳ್ತಿರಿ ಅಕ್ಕ, ಆರ್ಡರ್ ಬರುತ್ತೆ" ಎಂದು ಮ್ಯಾನೇಜರ್ ಹೇಳಿದ್ದ. ಆರ್ಡರ್ ಬಂದಿತ್ತು. ಗಂಡನ ಕೈಯಲ್ಲಿತ್ತು.

ಮಗಳು ಮೈದಾನದಿಂದ ಬಂದವಳು ಚಪ್ಪಲಿ ಬಿಡುತ್ತಿದ್ದಳು. ಇಪ್ಪತ್ಮೂರು ವರ್ಷ, ಮೈಯೆಲ್ಲ ಕಾಲೇ ಎನ್ನುವ ಹಾಗೆ ಉದ್ದ. ಅಜ್ಜಿ ಅವಳನ್ನು ಕರೆಯುತ್ತಿದ್ದದ್ದೇ ಕೊಕ್ಕರೆ ಎಂದು. ಎಂಟುನೂರು ಮೀಟರ್ ಓಟದಲ್ಲಿ ದೊಡ್ಡ ಕ್ರೀಡಾಕೂಟವೊಂದರಲ್ಲಿ ಬೆಳ್ಳಿ ಗೆದ್ದು ನಾಲ್ಕು ತಿಂಗಳಾಗಿತ್ತು. ಕೋಚ್ ಹೇಳಿದರೆಂದು ಬ್ರೆಡ್ ಕಂಪನಿಗೆ ಅರ್ಜಿ ಹಾಕಿದ್ದಳು. ಕಂಪನಿಯವರಿಗೆ ತಮ್ಮ ಹೆಸರಲ್ಲಿ ಓಡುವವರು ಬೇಕಾಗಿತ್ತು.

"ಆಫೀಸಲ್ಲಿ ಏನಾದ್ರೂ ಕೊಡ್ತಾರೆ ಅಂದ್ಕೊಂಡಿದ್ದೆ ಅಮ್ಮ. ನಿಜವಾಗ್ಲೂ ಗೊತ್ತಿರ್ಲಿಲ್ಲ."

"ಗೊತ್ತಿದ್ದಿದ್ರೆ ಬಿಡ್ತಿದ್ಯಾ?"

ಗೋಡೆಗೆ ಒರಗಿ ಕುಳಿತಿದ್ದ ಅಜ್ಜಿ, ಅಪ್ಪನ ತಾಯಿ, ಕನ್ನಡಕ ಸರಿ ಮಾಡಿಕೊಂಡಳು. "ಅಂದ್ರೆ ನಾಳೆಯಿಂದ ಸೊಸೆ ಮೇಲೆ ಮೊಮ್ಮಗಳು ಯಜಮಾನ್ತಿನಾ? ನಾನು ಮೂವತ್ತು ವರ್ಷ ಪ್ರಯತ್ನಪಟ್ರೂ ಆಗ್ಲಿಲ್ಲ."

ಯಾರೂ ನಗಲಿಲ್ಲ.

ಊಟದ ಹೊತ್ತಿಗೆ ಜಗಳ ಹೊತ್ತಿಕೊಂಡಿತು. ಅಮ್ಮ ತಟ್ಟೆಗಳನ್ನು ಇಟ್ಟ ಶಬ್ದದಲ್ಲೇ ಅದು ಗೊತ್ತಾಗುತ್ತಿತ್ತು.

"ಇಪ್ಪತ್ತೊಂದು ವರ್ಷ. ನೀನು ಎರಡು ವರ್ಷದವಳು, ನಿನ್ನನ್ನ ಅಜ್ಜಿ ಹತ್ರ ಬಿಟ್ಟು ಹೋಗ್ತಿದ್ದೆ. ಒಂದು ದಿನ ತಡವಾಗಿ ಹೋಗಿಲ್ಲ. ಜ್ವರ ಬಂದಾಗ ಹೋಗಿದೀನಿ, ನಮ್ಮಪ್ಪ ಸತ್ತ ಮೂರನೇ ದಿನಕ್ಕೆ ಹೋಗಿದೀನಿ."

"ನಾನೇನು ಸುಮ್ನೆ ಕೂತಿದ್ನಾ?" ಮಗಳ ದನಿಯೂ ಏರಿತು. "ಹನ್ನೊಂದು ವರ್ಷ ಓಡಿದೀನಿ. ಬೆಳಕು ಹರಿಯೋ ಮುಂಚೆ ಎದ್ದು. ಕಾಲುಗುರು ಎಷ್ಟು ಸಲ ಕಿತ್ತು ಬಂದಿದೆ, ನೀನೇ ಬಟ್ಟೆ ಕಟ್ಟಿದೀಯ. ನನ್ನ ಬೆಳ್ಳಿನ ಯಾರೂ ಪುಕ್ಕಟೆ ಕೊಟ್ಟಿಲ್ಲ."

"ನಿನ್ನ ಬೆಳ್ಳಿ ನೀನು ಇಟ್ಕೊ. ನಾನು ಕೇಳಿದ್ನಾ? ಓಟದಲ್ಲಿ ಗೆದ್ದೆ, ಸಂತೋಷ. ಓಡಿ ಗೆದ್ದವಳಿಗೆ ಬ್ರೆಡ್ ಪ್ಯಾಕ್ ಮಾಡೋದು ಹೇಗೆ ಗೊತ್ತು?"

"ಕಲಿತೀನಿ. ಶ್ರಮ ಪಟ್ರೆ ಯಾವುದು ಬರಲ್ಲ?"

"ಕರೆಕ್ಟ್!" ಅಪ್ಪ ಮೇಜು ತಟ್ಟಿದ. "ಬೆವರು ಸುರಿಸೋಳು ಎಲ್ಲಿ ಹೋದ್ರೂ ಮೇಲೆ ಬರ್ತಾಳೆ. ಅದು ಮೈದಾನ ಆಗಿರ್ಲಿ, ಫ್ಯಾಕ್ಟರಿ ಆಗಿರ್ಲಿ."

ಅಮ್ಮ ಅವನ ಕಡೆ ತಿರುಗಿದಳು. "ಹಾಗಾದ್ರೆ ನಾನು ಸುರಿಸಿದ್ದು ಏನು ರೀ? ನಲ್ಲಿ ನೀರಾ?"

ಅಪ್ಪ ತಟ್ಟೆಯ ಕಡೆ ನೋಡಿದ. ಇಪ್ಪತ್ತಾರು ವರ್ಷ ಒಂದೂ ಅಪಘಾತ ಮಾಡದ ಡ್ರೈವರು ಅವನು. ಬೇರೆಯವರ ಗಾಡಿ ಎದುರಿಗೆ ಬಂದಾಗ ಸುಮ್ಮನೆ ಪಕ್ಕಕ್ಕೆ ಸರಿಯುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

*

ಮೊದಲ ವಾರ ತಾಯಿ ಮಗಳು ಒಂದೇ ಬಸ್ಸಿನಲ್ಲಿ ಹೋದರು, ಬೇರೆ ಬೇರೆ ಸೀಟಿನಲ್ಲಿ ಕುಳಿತರು.

ಪ್ಯಾಕಿಂಗ್ ಹಾಲ್ ಉದ್ದಕ್ಕೆ ರೈಲು ಡಬ್ಬಿಯ ಹಾಗಿತ್ತು. ಒಂದು ತುದಿಯಲ್ಲಿ ಬ್ರೆಡ್ ಕತ್ತರಿಸುವ ಮಷೀನು. ಅಲ್ಲಿಂದ ಹೊರಟ ಬೆಲ್ಟು ಐದು ಟೇಬಲ್ಲುಗಳ ಪಕ್ಕ ಹಾದು ಕೊನೆಯ ಗೋಡೆಯ ತನಕ ಹೋಗುತ್ತಿತ್ತು. ಒಂದೊಂದು ಟೇಬಲ್ಲಿಗೆ ಮೂವರು ಹೆಂಗಸರು. ಬೆಲ್ಟಿನಿಂದ ಬ್ರೆಡ್ ಎತ್ತಿಕೊಳ್ಳಬೇಕು, ಕವರಿಗೆ ತುಂಬಬೇಕು, ಬಿಸಿ ಪಟ್ಟಿಗೆ ಒತ್ತಿ ಬಾಯಿ ಅಂಟಿಸಬೇಕು, ಟ್ರೇಗೆ ಹಾಕಬೇಕು. ದಿನಕ್ಕೆ ಎಂಟು ಗಂಟೆ, ನಿಂತುಕೊಂಡೇ. ಅಮ್ಮನದು ಮೂರನೇ ಟೇಬಲ್.

ಮಗಳು ಹೊಸ ಕೋಟು ಹಾಕಿಕೊಂಡು, ಕೈಯಲ್ಲಿ ಹಾಜರಿ ಬರೆಯುವ ರಟ್ಟು ಹಿಡಿದು ನಿಂತಳು. ಅಜ್ಜಿ ಇಟ್ಟ ಹೆಸರು ಹೆಂಗಸರಿಗೆ ಅದು ಹೇಗೋ ಎರಡೇ ದಿನದಲ್ಲಿ ಗೊತ್ತಾಯಿತು.

"ಕೊಕ್ಕರೆ ಬಂತು, ಮೀನುಗಳೆಲ್ಲ ನೆಟ್ಟಗೆ ನಿಂತ್ಕೊಳ್ರೇ" ಎಂದಳು ಐದನೇ ಟೇಬಲ್ಲಿನ ಎಡಚಿ. ಎಡಗೈಯಲ್ಲೇ ಎಲ್ಲ ಮಾಡುವ ಹೆಂಗಸು ಅವಳು. ಅಮ್ಮನ ಜೊತೆಗೇ ಕೆಲಸಕ್ಕೆ ಸೇರಿದವಳು, ಅಮ್ಮನ ಜೊತೆಗೇ ಊಟದ ಡಬ್ಬಿ ಬಿಚ್ಚುವವಳು.

ಅಮ್ಮ ಬ್ರೆಡ್ ತುಂಬಿದಳು, ಅಂಟಿಸಿದಳು, ಟ್ರೇಗೆ ಹಾಕಿದಳು. ಅಷ್ಟೇ. ಮಷೀನಿನ ಬ್ಲೇಡು ಮೊಂಡಾಗುವ ಮುಂಚೆ ಸಣ್ಣಗೆ ಕಿರುಗುಟ್ಟುತ್ತದೆ. ಹಾಲ್‌ನಲ್ಲಿ ಆ ಶಬ್ದ ಕೇಳಿಸುತ್ತಿದ್ದದ್ದು ಅವಳೊಬ್ಬಳಿಗೆ. ಇಷ್ಟು ವರ್ಷ ಅದು ಕೇಳಿದ ಕೂಡಲೇ ಮೆಕ್ಯಾನಿಕ್ಕಿಗೆ ಕೂಗು ಹಾಕುತ್ತಿದ್ದಳು. ಗುರುವಾರ ಬೆಳಗ್ಗೆ ಅದು ಕಿರುಗುಟ್ಟಿತು. ಅಮ್ಮ ತಲೆ ಎತ್ತಲಿಲ್ಲ. ಒಂದು ಗಂಟೆಯೊಳಗೆ ಬ್ರೆಡ್ಡೆಲ್ಲ ಹರಿದು ಪುಡಿಪುಡಿಯಾಗಿ ಬರತೊಡಗಿತು. ಬೆಲ್ಟ್ ನಿಲ್ಲಿಸುವಷ್ಟರಲ್ಲಿ ಒಂದು ಲಾರಿ ಮಾಲು ಹಾಳಾಯಿತು. ಮ್ಯಾನೇಜರ್ ಬಂದು ಎಲ್ಲರ ಎದುರಿಗೆ ಮಗಳನ್ನು ಬೈದ.

ಸಂಜೆ ಮಗಳು ಚೀಲವನ್ನು ಮಂಚಕ್ಕೆ ಎಸೆದಳು.

"ನಿಂಗೆ ಗೊತ್ತಿತ್ತು. ನಿಂಗೆ ಮೊದಲೇ ಗೊತ್ತಿತ್ತು ಅಂತ ಎಡಚಿ ಅತ್ತೆ ಹೇಳಿದ್ರು."

"ಗೊತ್ತಿತ್ತು" ಎಂದಳು ಅಮ್ಮ, ಒಗೆದ ಬಟ್ಟೆ ಹಿಂಡುತ್ತಾ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳೋದು ಇನ್‌ಚಾರ್ಜ್ ಕೆಲಸ. ನಾನು ಪ್ಯಾಕಿಂಗ್‌ನವಳು."

"ಅಮ್ಮಾ!"

"ಅಲ್ಲಿ ಅಮ್ಮ ಅನ್ಬೇಡ. ಇಲ್ಲಿ ಅನ್ನು. ಆ ತುದಿ ಹಿಡ್ಕೊ, ಬೆಡ್‌ಶೀಟು ಭಾರ."

ಇಬ್ಬರೂ ಎದುರುಬದುರು ನಿಂತು ಬೆಡ್‌ಶೀಟನ್ನು ಹಿಂಡಿದರು. ಬಟ್ಟೆಯ ಮೇಲೆ ತೀರಿಸಿಕೊಂಡ ಸಿಟ್ಟಿಗೆ ಅದರಲ್ಲಿ ಒಂದು ಹನಿ ನೀರೂ ಉಳಿಯಲಿಲ್ಲ.

"ನಿನ್ನ ಹೆತ್ತ ಮಗಳು ಕಣೇ" ಎಂದ ಅಪ್ಪ ಒಳಗಿನಿಂದ. "ಇಷ್ಟೊಂದು ಹಟ ಒಳ್ಳೇದಲ್ಲ."

"ನೀವು ನಿಮ್ಮ ಬಸ್ಸಲ್ಲಿ ಅವಳ ಫೋಟೋ ಅಂಟಿಸ್ಕೊಂಡು ಎಲ್ರಿಗೂ ತೋರಿಸ್ತಿದೀರಂತಲ್ಲ, ಅದನ್ನ ಮಾಡಿ. ಇಲ್ಲಿಗೆ ಬರ್ಬೇಡಿ."

*

ಮಗಳು ಅಳುವ ಜಾತಿಯಲ್ಲ. ಬೈಸಿಕೊಂಡ ಮರುದಿನದಿಂದ ಬೆಳಗಿನ ಓಟ ಮುಗಿಸಿ, ಪಾಳಿ ಶುರುವಾಗುವುದಕ್ಕೆ ಅರ್ಧ ಗಂಟೆ ಮೊದಲೇ ಹಾಲ್‌ನಲ್ಲಿ ಇರುತ್ತಿದ್ದಳು. ಮೆಕ್ಯಾನಿಕ್ಕನ ಹಿಂದೆ ಬಿದ್ದು ಬ್ಲೇಡು ಬದಲಿಸುವುದನ್ನು ಕಲಿತಳು. ಅಂಗಡಿಗಳ ಆರ್ಡರು, ಲಾರಿಗಳ ದಾರಿ, ಎಲ್ಲವನ್ನೂ ಬಾಯಿಪಾಠ ಮಾಡಿದಳು. ಸೋತ ಓಟಗಾರ್ತಿ ಮಾಡುವುದು ಅದನ್ನೇ: ಇನ್ನೂ ಬೇಗ ಏಳುವುದು, ಇನ್ನೂ ಹೆಚ್ಚು ಓಡುವುದು. ಅವಳಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಮೂರನೇ ವಾರ ಅವಳಿಗೊಂದು ಯೋಚನೆ ಬಂತು. ಊಟಕ್ಕೆ ಕುಳಿತಾಗ ಅದನ್ನು ಉತ್ಸಾಹದಿಂದ ಹೇಳಿದಳು.

"ಅಮ್ಮ, ನೀನು ಹೇಳಿದ್ದು ಸರಿ. ಅಲ್ಲಿ ಯಾರು ಎಷ್ಟು ಕೆಲಸ ಮಾಡ್ತಾರೆ ಅಂತ ಯಾರೂ ಅಳೆದೇ ಇಲ್ಲ. ಅದಕ್ಕೇ ಮ್ಯಾನೇಜರ್ ಹತ್ರ ಹಲ್ಲು ಕಿರಿದೋರು ಮುಂದೆ ಹೋಗ್ತಾರೆ. ಓಟದಲ್ಲಿ ಹಾಗಿಲ್ಲ. ಗಡಿಯಾರ ಯಾರ ಮುಖಾನೂ ನೋಡಲ್ಲ. ನಾನು ಒಬ್ಬೊಬ್ರದೂ ಟೈಮ್ ತಗೋತೀನಿ. ಪಟ್ಟಿ ಮಾಡಿ ಗೋಡೆಗೆ ಹಾಕ್ತೀನಿ. ಆಗ ನಿಮ್ಮ ಕೆಲಸ ಎಲ್ರ ಕಣ್ಣಿಗೆ ಬೀಳುತ್ತೆ."

"ಬೇಡ" ಎಂದಳು ಅಮ್ಮ.

"ಯಾಕೆ?"

"ಬೇಡ ಅಂದೆ."

"ಯಾಕೆ ಅಂತ ಹೇಳು. ಹೇಳದೆ ಬೇಡ ಅಂದ್ರೆ? ಬ್ಲೇಡಿನ ಥರ ಇದೂ ನಾನು ಹಾಳು ಮಾಡ್ಕೊಂಡ ಮೇಲೆ ಹೇಳ್ತೀಯಾ?"

ಅಮ್ಮ ಉತ್ತರ ಕೊಡಬಹುದಿತ್ತು. ಆ ಮಾತಿನ ಚುಚ್ಚು ಅವಳ ಬಾಯಿ ಮುಚ್ಚಿಸಿತು. ಅನ್ನ ಮುಗಿಸದೆ ಎದ್ದು ಕೈ ತೊಳೆದಳು. "ಈಗ ಹೇಳದೆ ಬಿಟ್ಟದ್ದು ಒಂದಿನ ನನ್ನನ್ನ ಕಾಡುತ್ತೆ" ಎಂದು ಅವಳಿಗೆ ಆಗ ಅನ್ನಿಸಲಿಲ್ಲ. ಮಗಳ ಮೇಲಿನ ಸಿಟ್ಟಷ್ಟೇ ಇತ್ತು.

ಎರಡು ದಿನ ಮಗಳು ಸ್ಟಾಪ್‌ವಾಚ್ ಹಿಡಿದು ಒಬ್ಬೊಬ್ಬರ ಪಕ್ಕ ಹತ್ತು ಹತ್ತು ನಿಮಿಷ ನಿಂತಳು. ಬುಧವಾರ ಪಟ್ಟಿ ಗೋಡೆಗೇರಿತು. ಒಂದನೇ ಟೇಬಲ್ಲಿನ ಹೊಸ ಹುಡುಗಿ ಮೊದಲನೆಯವಳು. ಅಮ್ಮ ಒಂಬತ್ತನೆಯವಳು. ಎಡಚಿ ಹದಿನೈದನೆಯವಳು, ಕೊನೆ.

ಹೆಂಗಸರು ಗೋಡೆಯ ಮುಂದೆ ಗುಂಪಾದರು. ಯಾರೋ ಅಮ್ಮನ ಕಡೆ ನೋಡಿ ತಕ್ಷಣ ಬೇರೆ ಕಡೆ ನೋಡಿದರು. ಅಂಟು ಸರಿಯಾಗಿ ಕೂರದ ಪ್ಯಾಕನ್ನು ಅಮ್ಮ ಹರಿದು ಮತ್ತೆ ಹಾಕುತ್ತಿದ್ದಳು. ನಡುನಡುವೆ ಐದನೇ ಟೇಬಲ್ಲಿಗೆ ಹೋಗಿ ರಾಶಿ ಬಿದ್ದ ಬ್ರೆಡ್ ಸರಿಮಾಡಿ ಬರುತ್ತಿದ್ದಳು. ಗಡಿಯಾರ ನಿಜವಾಗಿಯೂ ಮುಖ ನೋಡಿರಲಿಲ್ಲ. ಅದು ಇದನ್ನೂ ನೋಡಿರಲಿಲ್ಲ.

ಅದೇ ವಾರ ಹೊಸ ಕವರು ಬಂತು. ಮಗಳು ಕೈ ಮೇಲೆತ್ತಿ ಓಡುತ್ತಿರುವ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ 'ದುಡಿದವರದೇ ಗೆಲುವು'. ಅಮ್ಮ ದಿನವಿಡೀ ಮಗಳ ಮುಖವನ್ನು ಬಿಸಿ ಪಟ್ಟಿಗೆ ಒತ್ತಿ ಅಂಟಿಸಿದಳು.

ಶನಿವಾರ ಪಾಳಿ ಮುಗಿಯುವಾಗ ಮ್ಯಾನೇಜರ್ ಗೋಡೆಯ ಪಟ್ಟಿಯನ್ನು ಕಿತ್ತು ಕೈಯಲ್ಲಿ ಹಿಡಿದು, ಕೆಳಗಿನ ಐದು ಹೆಸರು ಓದಿದ. ಐದನೇ ಟೇಬಲ್ಲಿನ ಮೂವರು, ನಾಲ್ಕನೆಯದರ ಇಬ್ಬರು.

"ನೀವು ಸೋಮವಾರದಿಂದ ಬರೋದು ಬೇಡ."

ಎಡಚಿ ಕೋಟಿನ ಗುಂಡಿ ಬಿಚ್ಚುತ್ತಿದ್ದವಳು ಹಾಗೇ ನಿಂತಳು. "ಇದೇನು ತಮಾಷೆನಾ ಸಾರ್?"

ಮ್ಯಾನೇಜರ್ ತಮಾಷೆ ಮಾಡುತ್ತಿರಲಿಲ್ಲ. ಎಡಚಿ ಮಗಳ ಕಡೆ ತಿರುಗಿದಳು. ಬೈಯಲಿಲ್ಲ. "ನೀನು ಚಿಕ್ಕೋಳಿದ್ದಾಗ ನಿನಗೆ ನನ್ನ ಡಬ್ಬಿಯಿಂದ ತಿನ್ಸಿದೀನಿ ಕಣೇ" ಎಂದಳು ಅಷ್ಟೇ. ಕೋಟನ್ನು ಮಡಚಿ ಟೇಬಲ್ ಮೇಲಿಟ್ಟು ಹೊರಟುಹೋದಳು.

*

ಅವತ್ತು ಮನೆಯಲ್ಲಿ ಒಲೆ ಹಚ್ಚಿದ್ದು ಅಜ್ಜಿ. ಉಳಿದ ಮೂವರೂ ಕೂಗಾಡುತ್ತಿದ್ದರು.

"ಐದು ಮನೆ ಒಲೆ ಆರಿಸಿ ಬಂದೆ! ಒಂದು ಚೂರು ಕಾಗದದಲ್ಲಿ!"

"ನಾನು ತೆಗೀರಿ ಅಂತ ಹೇಳ್ಲಿಲ್ಲ! ಯಾರು ಹಿಂದೆ ಇದಾರೋ ಅವರಿಗೆ ಕಲಿಸೋಣ ಅಂತ ಮಾಡಿದ್ದು! ಓಟದಲ್ಲಿ ಕೊನೆಗೆ ಬಂದೋರು ಮನೆಗೆ ಹೋಗಿ ಮುಂದಿನ ತಿಂಗಳು ಮತ್ತೆ ಬರ್ತಾರೆ!"

"ಇಲ್ಲಿ ಕೊನೆಗೆ ಬಂದೋರು ಮನೆಗೆ ಹೋಗ್ತಾರೆ. ಮತ್ತೆ ಬರಲ್ಲ. ಅದು ಗೊತ್ತಾಯ್ತಾ ಈಗ?"

"ಆದ್ರೂ ಅವರು ನಿಧಾನ ಇದ್ದದ್ದು ನಿಜ ತಾನೆ?" ಎಂದ ಅಪ್ಪ. ಎಂದವನಿಗೇ ತಾನು ತಪ್ಪು ಗೇರು ಹಾಕಿದ್ದು ತಿಳಿಯಿತು.

ಅಮ್ಮ ಅವನಿಗೆ ಹೇಳದೆ ಮಗಳಿಗೇ ಹೇಳಿದಳು. "ಎಂಟುನೂರು ಮೀಟರ್ ಓಡುವಾಗ ಎಲ್ರೂ ಒಂದೇ ಗೆರೆ ಮೇಲೆ ಯಾಕೆ ನಿಲ್ಲಲ್ಲ? ಹೊರಗಡೆ ಸಾಲಿನೋರು ಮುಂದೆ ಯಾಕೆ ನಿಲ್ತಾರೆ?"

"ಹೊರಗಡೆ ಸುತ್ತು ಉದ್ದ ಅಲ್ವಾ. ಎಲ್ರಿಗೂ ಒಂದೇ ದೂರ ಆಗ್ಲಿ ಅಂತ."

"ಐದನೇ ಟೇಬಲ್‌ಗೆ ಯಾವ ಬ್ರೆಡ್ ಬರುತ್ತೆ?"

ಮಗಳ ಉತ್ತರಕ್ಕೆ ಕಾಯದೆ ಅಮ್ಮನೇ ಮುಂದುವರಿಸಿದಳು.

"ನಾಲ್ಕು ಟೇಬಲ್‌ನೋರು ಆರಿಸ್ಕೊಂಡು ಬಿಟ್ಟಿದ್ದು ಬರುತ್ತೆ. ಸೊಟ್ಟ ಆಗಿದ್ದು, ಬಿಚ್ಕೊಂಡಿದ್ದು. ಅದನ್ನ ಜೋಡಿಸಿ ತುಂಬಬೇಕು. ಅಲ್ಲಿರೋ ಅಂಟಿಸೋ ಪಟ್ಟಿ ಹನ್ನೆರಡು ವರ್ಷದ್ದು, ಎರಡು ಸಲ ಒತ್ತಿದ್ರೂ ಹಿಡಿಯಲ್ಲ. ನಾಲ್ಕನೇದರದ್ದೂ ಅದೇ ಕಥೆ. ನೀನು ಎಷ್ಟು ಹೊತ್ತು ನಿಂತೆ ಅಲ್ಲಿ? ಹತ್ತು ನಿಮಿಷ. ಏನು ನೋಡ್ದೆ? ಕೈಯಲ್ಲಿರೋ ಗಡಿಯಾರ ನೋಡ್ದೆ."

"ಮೊದಲೇ ಯಾಕೆ ಹೇಳ್ಲಿಲ್ಲ!" ಮಗಳು ಕೂಗಿದಳು. "ಅವತ್ತು ಬೇಡ ಅಂದೆ, ಯಾಕೆ ಅಂತ ಹೇಳ್ಲಿಲ್ಲ! ನನ್ನ ಮೇಲಿನ ಸಿಟ್ಟು ನಿಂಗೆ ಎಡಚಿ ಅತ್ತೆಗಿಂತ ದೊಡ್ಡದಾಯ್ತಾ?"

ಅಮ್ಮ ಕುಳಿತುಬಿಟ್ಟಳು. ಒಲೆಯ ಮುಂದಿನಿಂದ ಅಜ್ಜಿ ತಿರುಗಿಯೂ ನೋಡದೆ ಹೇಳಿದಳು: "ಕೊಕ್ಕರೆ ಕೇಳಿದ್ದು ಸರಿ ಇದೆ. ಉತ್ತರ ಕೊಡಮ್ಮ."

"ಹೌದು ಅತ್ತೆ. ಆಯ್ತು" ಎಂದಳು ಅಮ್ಮ. "ನನ್ನದೂ ತಪ್ಪು."

ಆಲೂಗಡ್ಡೆ ಸುಟ್ಟ ವಾಸನೆ ಬರುತ್ತಿತ್ತು. ಎಲ್ಲರೂ ಅದನ್ನೇ ತಿಂದರು.

*

ಸೋಮವಾರ ಮಗಳು ರಟ್ಟು ಪಕ್ಕಕ್ಕಿಟ್ಟು ಐದನೇ ಟೇಬಲ್ಲಿಗೆ ತಾನೇ ನಿಂತಳು. ಓಟಗಾರ್ತಿಯ ಉಸಿರು, ಕಾಲು, ಇಪ್ಪತ್ಮೂರರ ಬೆನ್ನು, ಯಾವುದೂ ನೆರವಿಗೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆರಳ ತುದಿಯಲ್ಲಿ ಬೊಬ್ಬೆಗಳು ಎದ್ದವು, ಟ್ರೇ ತುಂಬಿರಲಿಲ್ಲ. ಲೆಕ್ಕ ಹಾಕಿದರೆ ಎಡಚಿ ಮಾಡುತ್ತಿದ್ದದ್ದಕ್ಕಿಂತ ಕಡಿಮೆ. ಮಂಗಳವಾರ ಪಟ್ಟಿಯ ಮೊದಲನೆಯವಳನ್ನು ಅಲ್ಲಿ ನಿಲ್ಲಿಸಿದಳು. ಆ ಹುಡುಗಿ ಸಂಜೆಗೆ ಅಳುವಂತಾದಳು. ಬುಧವಾರ ಅಮ್ಮ ತಾನೇ ಹೋಗಿ ನಿಂತಳು, ಎರಡು ಸಲ ಕೈ ಸುಟ್ಟುಕೊಂಡಳು. ಯಾರು ನಿಂತರೂ ಅಷ್ಟೇ. ಮಗಳು ಎಲ್ಲವನ್ನೂ ಬರೆದುಕೊಂಡಳು. ಗುರುವಾರ ಅದನ್ನು ತೆಗೆದುಕೊಂಡು ಮ್ಯಾನೇಜರ್ ಕೋಣೆಗೆ ಹೋದಳು.

ಮ್ಯಾನೇಜರ್ ಸಮಾಧಾನವಾಗಿ ಓದಿದ.

"ಇದು ನನಗೆ ಗೊತ್ತಿಲ್ದೆ ಇರೋದಾ? ಆ ಅಂಟಿಸೋ ಪಟ್ಟಿ ಬದಲಾಯಿಸ್ಬೇಕು ಅಂತ ಆರು ವರ್ಷದಿಂದ ಬರೀತಿದೀನಿ. ಮೇಲಿನೋರು ಕೊಡಲ್ಲ."

"ಹಾಗಾದ್ರೆ ಅವರನ್ನ ತೆಗೆದದ್ದು ತಪ್ಪು ತಾನೆ ಸಾರ್?"

"ಐದು ಜನ ಕಡಿಮೆ ಮಾಡಿ ಅಂತ ಮೇಲಿಂದ ಬಂದಿತ್ತಮ್ಮ. ಯಾರು ಅನ್ನೋದಕ್ಕೆ ಕಾರಣ ಬೇಕಿತ್ತು. ನೀನು ಕೊಟ್ಟೆ. ಚೆನ್ನಾಗಿ ಮಾಡಿದೀಯ, ಸುಮ್ನಿರು. ನಿನ್ನ ಓಟ ನೋಡ್ಕೊ."

ಮಗಳು ಹೊರಗೆ ಬಂದಾಗ ಅವಳ ಕಿವಿ ಕೆಂಪಗೆ ಉರಿಯುತ್ತಿತ್ತು. ಬಸ್ಸಿನಲ್ಲಿ ತಾಯಿಯ ಪಕ್ಕದ ಸೀಟಿಗೆ ಬಂದು ಕುಳಿತಳು, ಆ ಕೆಲಸ ಶುರುವಾದ ಮೇಲೆ ಮೊದಲ ಸಲ.

"ಕೆಲಸ ಬಿಡ್ತೀನಿ ಅಮ್ಮ. ನಾಳೆನೇ ಬರೆದು ಕೊಡ್ತೀನಿ."

"ಬಿಡು" ಎಂದಳು ಅಮ್ಮ. ಸಿಟ್ಟು ಮತ್ತೆ ಬಂದಿತ್ತು, ಆದರೆ ಈ ಸಲ ಬೇರೆ ಕಡೆಗೆ. "ಓಡೋದು ನಿಂಗೆ ಚೆನ್ನಾಗಿ ಬರುತ್ತೆ. ನಿಂಗೆ ಇನ್ನೊಂದು ಕಡೆ ಕೆಲಸ ಕೊಡ್ತಾರೆ, ಅಲ್ಲೂ ಫೋಟೋ ಹಾಕ್ತಾರೆ. ಇಲ್ಲಿ ನಿನ್ನ ಜಾಗಕ್ಕೆ ಭರ್ಜಿ ಎಸೆದು ಪದಕ ಗೆದ್ದೋನು ಒಬ್ಬ ಬರ್ತಾನೆ. ಎಡಚಿ ಏನಾಗ್ಬೇಕು?"

"ಮತ್ತೆ ನಾನೇನು ಮಾಡ್ಲಿ?"

"ನೀನು ಇನ್‌ಚಾರ್ಜ್ ಅಲ್ವಾ?"

ಆ ಸಂಜೆ ಅಮ್ಮ ಪ್ಯಾಕಿಂಗಿನಲ್ಲಿ ಉಳಿದ ಒಂಬತ್ತು ಹೆಂಗಸರ ಮನೆಗಳಿಗೆ ಹೋಗಿ ಬಂದಳು. ಮಗಳು ಚಪ್ಪಲಿ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು, ಒಳಗೆ ಹೋಗಿ ಮಾತಾಡುತ್ತಿದ್ದದ್ದು ಅಮ್ಮ. ಮೂರು ಮನೆಯಲ್ಲಿ ಮಗಳ ಮುಖ ನೋಡಿ ಬಾಗಿಲು ಹಾಕಿದರು. ಅಮ್ಮ ಮತ್ತೆ ತಟ್ಟಿದಳು.

*

ಶುಕ್ರವಾರ ಬೆಳಗ್ಗೆ ಬೆಲ್ಟ್ ಶುರುವಾಯಿತು. ನಾಲ್ಕನೇ ಟೇಬಲ್ಲಿಗೂ ಐದನೇ ಟೇಬಲ್ಲಿಗೂ ಯಾರೂ ನಿಲ್ಲಲಿಲ್ಲ. ಉಳಿದ ಹತ್ತು ಜನ ಮೊದಲ ಮೂರು ಟೇಬಲ್ಲುಗಳ ಬಳಿ, ಕೈಕಟ್ಟಿಕೊಂಡು ನಿಂತರು. ಬ್ರೆಡ್ ಬಂತು, ಮುಂದೆ ಹೋಯಿತು, ಕೊನೆಯಲ್ಲಿ ಗೋಡೆಗೆ ಬಡಿದು ಒಂದರ ಮೇಲೊಂದು ನೆಲಕ್ಕೆ ಬಿತ್ತು. ಬಿಸಿ ಬ್ರೆಡ್ಡಿನ ವಾಸನೆ ಇಡೀ ಹಾಲ್ ತುಂಬಿತು. ಅಮ್ಮನ ಬೆರಳುಗಳು ತೋಳಿನ ಕೆಳಗೆ ತಾವಾಗಿಯೇ ಅಲ್ಲಾಡುತ್ತಿದ್ದವು. ಬೀಳುವುದನ್ನು ನೋಡಲಾಗದೆ ಅವಳು ಗೋಡೆ ನೋಡಿದಳು.

ಮ್ಯಾನೇಜರ್ ಓಡಿ ಬಂದ. "ಏನಿದು? ಏನು ನಡೀತಿದೆ ಇಲ್ಲಿ? ಯಾರು ಹೇಳಿದ್ದು ನಿಲ್ಸೋಕೆ?"

"ನಾನು" ಎಂದಳು ಮಗಳು. "ಆ ಎರಡು ಟೇಬಲ್ ಸರಿ ಆಗೋವರೆಗೆ, ಐದು ಜನ ವಾಪಸ್ ಬರೋವರೆಗೆ ಪ್ಯಾಕಿಂಗ್ ಇಲ್ಲ. ಶಿಫ್ಟ್ ಇನ್‌ಚಾರ್ಜ್ ಆರ್ಡರ್ ಸಾರ್. ಬರೆದು ಸಹಿ ಹಾಕಿದೀನಿ."

"ನಿನ್ನನ್ನ ಈ ಕ್ಷಣ ತೆಗೆದು ಬಿಸಾಕ್ತೀನಿ!"

"ತೆಗೀರಿ" ಎಂದಳು ಅಮ್ಮ ಮೂರನೇ ಟೇಬಲ್ಲಿನಿಂದ. ಇಪ್ಪತ್ತೊಂದು ವರ್ಷದಲ್ಲಿ ಆ ಹಾಲ್‌ನಲ್ಲಿ ಅವಳ ದನಿ ಅಷ್ಟು ಜೋರಾಗಿ ಕೇಳಿದ್ದು ಮೊದಲ ಸಲ. "ನಾಳೆ ಬೆಳಗ್ಗೆ ಪ್ರತಿ ಅಂಗಡಿಯಲ್ಲೂ ಅವಳ ಮುಖ ಇರೋ ಕವರು ಇರುತ್ತೆ. ಅವಳನ್ನ ಯಾಕೆ ತೆಗೆದ್ರಿ ಅಂತ ಜನ ಕೇಳ್ತಾರೆ. ನಾವು ಹೇಳ್ತೀವಿ. ಹತ್ತು ಬಾಯಿ ಇದೆ ಇಲ್ಲಿ."

ಹೊರಗೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಮ್ಯಾನೇಜರ್ ಕೂಗಿದ, ಬೇಡಿಕೊಂಡ, ಫೋನು ಹಿಡಿದು ಹೊರಗೆ ಹೋದ, ಒಳಗೆ ಬಂದ. ಎರಡು ಗಂಟೆ ಹೊತ್ತು ಬೆಲ್ಟ್ ಸುಮ್ಮನೆ ಓಡಿತು.

ಕೊನೆಗೆ ಬಂದ ತೀರ್ಮಾನ ಅರ್ಧಂಬರ್ಧ. ಅಂಟಿಸುವ ಹೊಸ ಪಟ್ಟಿ ಎರಡು ಟೇಬಲ್ಲಿಗೂ ಬಂತು, ನಾಲ್ಕೇ ದಿನದಲ್ಲಿ. ಆರು ವರ್ಷ ಸಿಗದೇ ಇದ್ದದ್ದು. ಐವರಲ್ಲಿ ಮೂವರನ್ನು ವಾಪಸ್ ಕರೆದರು. ಎಡಚಿಯನ್ನೂ ಇನ್ನೊಬ್ಬಳನ್ನೂ ಕರೆಯಲಿಲ್ಲ, ವಯಸ್ಸಾಯಿತಂತೆ. ಮಗಳನ್ನು ತೆಗೆಯುವ ಧೈರ್ಯ ಬರದೆ ಜಾಹೀರಾತು ವಿಭಾಗಕ್ಕೆ ಹಾಕಿದರು. ಅಂಗಡಿಗಳ ಮುಂದೆ ನಿಂತು, ನಕ್ಕು, ಬ್ರೆಡ್ ಚೂರು ಹಂಚುವ ಕೆಲಸ.

ಮರುವಾರ ಅಮ್ಮನನ್ನು ಕೋಣೆಗೆ ಕರೆದು ಆರ್ಡರ್ ಕೈಗೆ ಕೊಟ್ಟರು. ಶಿಫ್ಟ್ ಇನ್‌ಚಾರ್ಜ್.

ಅಪ್ಪ ಅವತ್ತು ಕೇಕ್ ತಂದ. ಡಬ್ಬಿಯ ದಾರ ಬಿಚ್ಚುತ್ತಲೇ, "ನೋಡಿದ್ಯಾ? ನಾನು ಹೇಳ್ಲಿಲ್ವಾ? ತಡ ಆದ್ರೂ ನಿನ್ನ ದುಡಿಮೆಗೆ ಬೆಲೆ ಸಿಕ್ತು" ಎಂದ.

"ದುಡಿಮೆಗಾ?" ಅಮ್ಮ ಚಾಕು ಕೆಳಗಿಟ್ಟಳು. "ರೀ, ಇಪ್ಪತ್ತೊಂದು ವರ್ಷ ಬಗ್ಗಿ ದುಡಿದಾಗ ಕೊಡ್ಲಿಲ್ಲ. ಎರಡು ಗಂಟೆ ಕೈಕಟ್ಟಿ ನಿಂತಾಗ ಕೊಟ್ರು. ಯಾಕೆ ಕೊಟ್ರು ಗೊತ್ತಾ? ನಾನು ಇನ್ನೊಂದು ಸಲ ನಿಲ್ಲಬಾರ್ದು ಅಂತ. ಅದನ್ನ ದುಡಿಮೆ ಅನ್ಬೇಡಿ. ನನ್ನ ಮುಂದೆ ಮಾತ್ರ ಅನ್ಬೇಡಿ."

"ಮತ್ತೆ ಬೇಡ ಅಂತ ಬಿಸಾಕಿ ಬರ್ಬೇಕಿತ್ತು" ಎಂದಳು ಅಜ್ಜಿ.

"ಯಾಕೆ ಬಿಸಾಕ್ಲಿ ಅತ್ತೆ? ಅದು ನಂದು. ಯಾವತ್ತೋ ನಂದಾಗ್ಬೇಕಿತ್ತು. ಆದ್ರೆ ಅವರಿಗೆ ಥ್ಯಾಂಕ್ಸ್ ಹೇಳ್ಲಿಲ್ಲ, ಹೇಳೋದೂ ಇಲ್ಲ."

ಅಪ್ಪ ಕೇಕ್ ಕತ್ತರಿಸಿ ಎಲ್ಲರ ಮುಂದೆ ಇಟ್ಟ. ತನ್ನ ಪಾಲಿನದನ್ನು ತಿನ್ನುವಾಗ ಯಾರಿಗೂ ಅಲ್ಲದ ಹಾಗೆ ಹೇಳಿದ: "ನಂಗೆ ಇಪ್ಪತ್ತೈದು ವರ್ಷಕ್ಕೆ ಒಂದು ಗೋಡೆ ಗಡಿಯಾರ ಕೊಟ್ಟಿದ್ರು. ಒಂದು ವಾರಕ್ಕೇ ನಿಂತೋಯ್ತು. ನಾನು ನಿಮ್ಗೆ ಹೇಳಿರ್ಲಿಲ್ಲ." ಅಮ್ಮ ಅವನ ತಟ್ಟೆಗೆ ತನ್ನ ಕೇಕಿನ ಅರ್ಧ ಹಾಕಿದಳು.

ಎರಡು ವಾರದ ಮೇಲೆ ಒಂದು ಭಾನುವಾರ ಮಗಳಿಗೆ ಓಟ ಇತ್ತು. ಅಂಗಡಿಗಳ ಮುಂದೆ ನಿಂತೂ ನಿಂತೂ ಅಭ್ಯಾಸ ತಪ್ಪಿತ್ತು. ಸಂಜೆ ಮನೆಗೆ ಬಂದವಳು ನೀರು ಕುಡಿದು, "ನಾಲ್ಕನೇದು" ಎಂದಳು.

"ನಾಲ್ಕಾ?" ಅಪ್ಪ ಎದ್ದು ಕುಳಿತ. "ಹೇಗೆ? ಯಾರಾದ್ರೂ ತಳ್ಳಿದ್ರಾ? ತೀರ್ಪು ಸರಿ ಕೊಟ್ರಾ? ದೂರು ಕೊಡ್ಬೇಕಿತ್ತು!"

"ಯಾರೂ ತಳ್ಳಲಿಲ್ಲ ಅಪ್ಪ. ಮೂರು ಜನ ನನಗಿಂತ ಜೋರಾಗಿ ಓಡಿದ್ರು."

"ಅಷ್ಟೇನಾ?" ಎಂದಳು ಅಮ್ಮ.

"ಅಷ್ಟೇ."

ಅಮ್ಮ ಮಗಳ ಮುಖವನ್ನೇ ನೋಡಿದಳು. ಸೋತು ಬಂದ ಮುಖ, ಆದರೆ ಅದರಲ್ಲಿ ಅವಮಾನ ಇರಲಿಲ್ಲ. ನಾಳೆ ಬೆಳಗ್ಗೆ ಎದ್ದು ಮತ್ತೆ ಓಡುವವಳ ಮುಖ.

"ಅಂಥ ಸೋಲು ನನಗೂ ಒಂದು ಸಿಕ್ಕಿದ್ರೆ ಸಾಕಿತ್ತು" ಎಂದಳು ಅಮ್ಮ. "'ನಿನಗಿಂತ ಇವಳು ಚೆನ್ನಾಗಿ ಮಾಡ್ತಾಳೆ ಕಣಮ್ಮ, ಅದಕ್ಕೆ ಅವಳಿಗೆ ಕೊಟ್ವಿ' ಅಂತ ಯಾರಾದ್ರೂ ಒಬ್ರು, ಒಂದೇ ಒಂದು ಸಲ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದಿದ್ರೆ. ಒಪ್ಕೊಂಡು ಮನೆಗೆ ಬಂದು ಮಲಗ್ತಿದ್ದೆ."

ಮಗಳು ಏನೋ ಹೇಳಲು ಹೊರಟಳು. ಅಮ್ಮ ಕೈ ಅಡ್ಡ ಹಿಡಿದು, ಪೆನ್ನು ಕೊಡು ಎಂದಳು. ಎಡಚಿಯನ್ನು ವಾಪಸ್ ತೆಗೆದುಕೊಳ್ಳಬೇಕೆಂದು ಬರೆದ ಅರ್ಜಿಯನ್ನು ಮ್ಯಾನೇಜರ್ ಎರಡು ಸಲ ಹಿಂದಕ್ಕೆ ಕಳಿಸಿದ್ದ. ಅಮ್ಮ ಅದನ್ನೇ ಬೇರೆ ಹಾಳೆಯ ಮೇಲೆ, ಮೊದಲಿನಿಂದ, ಒತ್ತಿ ಒತ್ತಿ ಬರೆಯತೊಡಗಿದಳು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಕಾಗದ ಹರಿಯಿತು. ಇನ್ನೊಂದು ಹಾಳೆ ತೆಗೆದುಕೊಂಡಳು.